ಕಪ್ಪು ಮೈಯ ಹೈಜಿಯಾ

ಆಕಾಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇ ದೊಡ್ಡದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹೈಜಿಯಾದ ಕಥೆ ಬೇರೆ.

ಮಂಗಳ ಮತ್ತು ಗುರು ಗ್ರಹಗಳ ನಡುವಣ ಕ್ಷುದ್ರಗ್ರಹಗಳ ವಲಯದಲ್ಲಿ ಗಾತ್ರದಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ. ವ್ಯಾಸ ಸುಮಾರು 430 ಕಿ.ಮೀ. ಇದಕ್ಕಿಂತ ಬಹಳ ಚಿಕ್ಕದಾದ ಜೂನೊ 1804ರಲ್ಲೇ ಪತ್ತೆಯಾಗಿತ್ತು. ಹೈಜಿಯಾ ಸಿಕ್ಕಿದ್ದು 1849ರ ಏಪ್ರಿಲ್ 12ರಂದು, ಹತ್ತನೆಯದಾಗಿ. ಏಕೆ? ಇದರ ಮೈಯಲ್ಲಿ ಇಂಗಾಲದ ಸಂಯುಕ್ತಗಳು ಹೇರಳ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಏಳು ಪಾಲನ್ನು ಮಾತ್ರ ಅದು ಪ್ರತಿಫಲಿಸುತ್ತದೆ. ಸೂರ್ಯನಿಂದ ದೂರವೂ ಹೆಚ್ಚು.

ಕಂಡುಹಿಡಿದವರು ನೇಪಲ್ಸ್ ವೀಕ್ಷಣಾಲಯದ ಅನಿಬಾಲೆ ದೆ ಗಾಸ್ಪಾರಿಸ್. ಆರೋಗ್ಯದ ಗ್ರೀಕ್ ದೇವತೆಯ ಹೆಸರಿನೊಂದಿಗೆ ಅಲ್ಲಿನ ಬೋರ್ಬನ್ ರಾಜವಂಶದ ಹೆಸರನ್ನೂ ಸೇರಿಸಿ 'ಇಜಿಯಾ ಬೋರ್ಬೋನಿಕಾ' ಎಂದು ನಾಮಕರಣವಾಯಿತು. ಕೆಲವೇ ವರ್ಷಗಳಲ್ಲಿ ಆ ಬಾಲ ಉದುರಿತು. 1861ರಲ್ಲಿ ಆ ರಾಜ್ಯವೂ ಇಟಲಿಯಲ್ಲಿ ಲೀನವಾಯಿತು. ಉಳಿದದ್ದು ದೇವತೆಯ ಹೆಸರು.

2019ರಲ್ಲಿ ಚಿಲಿಯ ಬೃಹತ್ ದೂರದರ್ಶಕದ ಚಿತ್ರಗಳು ಹೈಜಿಯಾ ಬಹುತೇಕ ಗುಂಡಗಿದೆಯೆಂದು ತೋರಿಸಿದವು. ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ಭಾರಿ ಡಿಕ್ಕಿಯಲ್ಲಿ ಒಡೆದು, ಚೂರುಗಳು ಮತ್ತೆ ಕೂಡಿ ಈ ಆಕಾರ ಬಂದಿರಬೇಕೆಂಬುದು ವಿಜ್ಞಾನಿಗಳ ವಿವರಣೆ.

ವಿದ್ಯಾರ್ಥಿಗಳೇ, ಹೈಜಿಯಾದ ಕ್ರಮಸಂಖ್ಯೆ ಇಂದಿಗೂ 10. ಅದು ನಾವು ಕಂಡ ಸರದಿಯನ್ನು ಹೇಳುತ್ತದೆಯೇ ಹೊರತು ಅದರ ಗಾತ್ರವನ್ನಲ್ಲ.