ಕರಾವಳಿಯ ಮದ್ರಸಗಳಲ್ಲಿ ಪರೋಪಕಾರದ ಪಾಠ

ಉಜಿರೆಯಿಂದ ಚಾರ್ಮಾಡಿ ಘಾಟಿಯತ್ತ ಹೋಗುವ ಹೆದ್ದಾರಿಯಲ್ಲಿ, ಮುಂಡಾಜೆ ದಾಟಿದ ಬಳಿಕ ಸಿಗುವ ಪುಟ್ಟ ಪೇಟೆ ಕಕ್ಕಿಂಜೆ. ಬೆಳ್ತಂಗಡಿ ತಾಲೂಕಿನ ಈ ಭಾಗದಲ್ಲೂ, ಇಲ್ಲಿಂದ ಕೆಳಗೆ ಬಂಟ್ವಾಳದವರೆಗಿನ ಹಲವು ಪೇಟೆಗಳಲ್ಲೂ ಬ್ಯಾರಿ ಮುಸ್ಲಿಮರು ನೆಲೆಸಿದ್ದಾರೆ. ಈ ಮನೆಗಳ ಮಕ್ಕಳಿಗೆ ದಿನಕ್ಕೆ ಎರಡು ಶಾಲೆ. ಬೆಳಗ್ಗೆ ಬೇಗನೆ ಮದ್ರಸ, ಆಮೇಲೆ ಎಲ್ಲರಂತೆ ಊರಿನ ಶಾಲೆ. ಮನೆಯಲ್ಲಿ ಬ್ಯಾರಿ ಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಏಳೆಂಟು ವರ್ಷದ ಮಗು ನಾಲ್ಕು ಭಾಷೆಗಳ ನಡುವೆ ಸಲೀಸಾಗಿ ಓಡಾಡುವುದನ್ನು ಕಂಡರೆ ಯಾರಿಗೂ ಅಚ್ಚರಿಯಾದೀತು. ಇಲ್ಲಿ ನಾವು ಪರಿಶೀಲಿಸುವುದು ಬೆಳಗಿನ ಶಾಲೆಯ ಒಂದು ಪಾಠವನ್ನು ಮಾತ್ರ. ಇನ್ನೊಬ್ಬರಿಗೆ ನೆರವಾಗಬೇಕು ಎಂಬುದನ್ನು ಎಳೆಯ ಮಕ್ಕಳಿಗೆ ಅಲ್ಲಿ ಹೇಗೆ ಕಲಿಸುತ್ತ ಬಂದರು?

ಮದ್ರಸದ ಮಕ್ಕಳು ಮೊದಮೊದಲು ಬಾಯಿಪಾಠ ಮಾಡುವುದು ಕುರ್‌ಆನಿನ ಕೊನೆಯ ಭಾಗದ ಚಿಕ್ಕ ಅಧ್ಯಾಯಗಳನ್ನು. ಅವುಗಳಲ್ಲಿ 107ನೆಯದು 'ಅಲ್-ಮಾಊನ್'. ಇದರಲ್ಲಿರುವುದು ಏಳೇ ವಾಕ್ಯ. ಅನಾಥನನ್ನು ದೂರ ತಳ್ಳುವವನನ್ನೂ, ಬಡವನ ಊಟಕ್ಕೆ ಪ್ರೇರೇಪಿಸದವನನ್ನೂ ಅದು ಖಂಡಿಸುತ್ತದೆ. ಅಲ್ಲಿಗೇ ನಿಲ್ಲದೆ, ತೋರಿಕೆಗಾಗಿ ನಮಾಜು ಮಾಡುತ್ತ, ಸಣ್ಣಪುಟ್ಟ ವಸ್ತುಗಳನ್ನೂ ನೆರೆಯವರಿಗೆ ಕೊಡದವರನ್ನು ಕಟುವಾಗಿ ಎಚ್ಚರಿಸುತ್ತದೆ. 'ಮಾಊನ್' ಎಂದರೆ ಆ ಸಣ್ಣಪುಟ್ಟ ವಸ್ತುಗಳೇ. ಉಪ್ಪು, ನೀರು, ಪಾತ್ರೆ, ಕೊಡಲಿ, ನೀರು ಸೇದುವ ಬಕೆಟು ಇತ್ಯಾದಿಗಳನ್ನು ಹಳೆಯ ವ್ಯಾಖ್ಯಾನಕಾರರು ಉದಾಹರಣೆಯಾಗಿ ಕೊಡುತ್ತಾರೆ. ಕೋಟಿ ದಾನ ಮಾಡಿದವರ ಕಥೆ ಮಕ್ಕಳಿಗೆ ದೂರದ್ದು; ಪಕ್ಕದ ಮನೆಗೆ ಕೊಡಪಾನ ಕೊಡುವುದು ಕೈಗೆಟುಕುವಂಥದ್ದು. ಈ ದೃಷ್ಟಿಯಿಂದ ಎಳೆಯರಿಗೆ ಇದಕ್ಕಿಂತ ಒಪ್ಪುವ ಪಾಠ ಸಿಗುವುದು ಕಷ್ಟ.

ಆದರೆ ಒಂದು ತೊಡಕಿತ್ತು. ಪಾಠ ಅರಬಿಯಲ್ಲಿದೆ, ಮಗುವಿನ ಮನೆಮಾತು ಬ್ಯಾರಿ. ಅರ್ಥ ತಿಳಿಯದೆ ಬಾಯಿಪಾಠ ಮಾಡಿದರೆ, ಬರಿಯ ತೋರಿಕೆಯ ಭಕ್ತಿಯನ್ನು ಖಂಡಿಸುವ ಅಧ್ಯಾಯವೇ ಬರಿಯ ಉಚ್ಚಾರಣೆಯಾಗಿ ಉಳಿದುಬಿಡುತ್ತದೆ. ಮಲಬಾರಿನಿಂದ ಮಂಗಳೂರಿನವರೆಗಿನ ಮದ್ರಸಗಳ ಇತಿಹಾಸವನ್ನು ಈ ತೊಡಕನ್ನು ಬಿಡಿಸಲು ನಡೆದ ಪ್ರಯತ್ನಗಳ ಇತಿಹಾಸವೆಂದು ಕರೆದರೆ ಹೆಚ್ಚು ತಪ್ಪಾಗದು.

ಈ ತೀರದಲ್ಲಿ ವಿದ್ಯೆ ಮತ್ತು ಅನ್ನದಾನ ಒಟ್ಟಿಗೇ ನಡೆದುದಕ್ಕೆ ಹಳೆಯ ಸಾಕ್ಷಿಯಿದೆ. 14ನೇ ಶತಮಾನದ ನಡುಭಾಗದಲ್ಲಿ ಇಲ್ಲಿಗೆ ಬಂದ ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಅಲ್ಲಿಂದ ತೆಂಕಕ್ಕೆ, ಇಂದಿನ ಕಣ್ಣೂರು ಜಿಲ್ಲೆಯ ಏಳಿಮಲೆಯ ಬಳಿಯ ಮಸೀದಿಯಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಮಸೀದಿಯ ಆದಾಯದಿಂದಲೇ ವೇತನ ಸಿಗುತ್ತಿತ್ತು. ದಾರಿಹೋಕರಿಗೂ ಬಡವರಿಗೂ ಊಟ ಹಾಕಲು ಅಲ್ಲೊಂದು ಅಡುಗೆಮನೆಯಿತ್ತು ಎಂದೂ ಆತ ಹೇಳುತ್ತಾನೆ.

ಮುಂದಿನ ಶತಮಾನಗಳಲ್ಲಿ ಎಳೆಯರ ಶಾಲೆ 'ಓತುಪಳ್ಳಿ' ಎಂದು ಮಲಬಾರಿನಲ್ಲಿ ಹೆಸರಾಯಿತು. ಒಬ್ಬರೇ ಮುಸ್ಲಿಯಾರ್, ತರಗತಿಗಳ ವಿಂಗಡಣೆಯಿಲ್ಲ. ಮರದ ಹಲಗೆಗೆ ಬಿಳಿಮಣ್ಣು ಬಳಿದು, ಒಣಗಿಸಿ ಅದರ ಮೇಲೆ ಬರೆಯುವುದು; ಕಲಿತಾದ ಮೇಲೆ ತೊಳೆದು ಮತ್ತೆ ಬಳಿಯುವುದು. ಇದನ್ನು ಬದಲಿಸಿದವರಲ್ಲಿ ಮುಖ್ಯರು ಚಾಲಿಲಕತ್ ಕುಂಞಹಮ್ಮದ್ ಹಾಜಿ. 1909ರಲ್ಲಿ ವಾಳಕ್ಕಾಡಿನ ದಾರುಲ್ ಉಲೂಮಿನ ಹೊಣೆ ಹೊತ್ತ ಅವರು ಬೆಂಚು, ಕರಿಹಲಗೆ, ತರಗತಿಗಳ ವ್ಯವಸ್ಥೆ ತಂದರು. ವಿರೋಧವೂ ಎದುರಾಯಿತು. 1926ರಲ್ಲಿ ಸ್ಥಾಪನೆಯಾದ 'ಸಮಸ್ತ' ಉಲಮಾ ಸಂಘಟನೆ 1951ರಲ್ಲಿ ಮದ್ರಸಗಳಿಗಾಗಿಯೇ ಒಂದು ಶಿಕ್ಷಣ ಮಂಡಳಿಯನ್ನು ರಚಿಸಿತು. ದಕ್ಷಿಣ ಕನ್ನಡದ ಎಷ್ಟೋ ಮದ್ರಸಗಳು ಅದರ ಪಠ್ಯಕ್ರಮವನ್ನು ಅನುಸರಿಸಿದವು. 'ಅಖ್ಲಾಕ್' ಅಂದರೆ ನಡತೆ ಎಂಬುದು ಅಲ್ಲಿ ಪ್ರತ್ಯೇಕ ವಿಷಯವಾಯಿತು. ಪಠ್ಯಗಳು ಬಹುಕಾಲ ಅರಬಿ-ಮಲಯಾಳದಲ್ಲಿದ್ದವು. ಎಂದರೆ ಭಾಷೆ ಮಲಯಾಳ, ಲಿಪಿ ಅರಬಿ. ಬಳಿಕ ಕನ್ನಡದಲ್ಲೂ ಪಠ್ಯಗಳು ಬಂದವು. 1978ರಲ್ಲಿ ಮಂಗಳೂರಿನಿಂದ ಹೊರಟ 'ಸನ್ಮಾರ್ಗ' ವಾರಪತ್ರಿಕೆಯಂಥ ಪ್ರಯತ್ನಗಳಿಂದ ದೊಡ್ಡವರಿಗೂ ಈ ವಿಷಯಗಳು ಕನ್ನಡದಲ್ಲಿ ಸಿಗತೊಡಗಿದವು.

ಪುಸ್ತಕ ಬರುವ ಮೊದಲು ಮಕ್ಕಳು ಏನನ್ನೂ ಕಲಿಯುತ್ತಿರಲಿಲ್ಲವೇ? ಕಲಿಯುತ್ತಿದ್ದರು, ಅಡುಗೆಮನೆಯಲ್ಲಿ. ನನ್ನ ಅಭಿಪ್ರಾಯದಲ್ಲಿ ನಿಜವಾದ ಪಾಠ ಇದೇ. ಮಗು ಹುಟ್ಟಿದ ಏಳನೇ ದಿನ ಅಕೀಕದಲ್ಲಿ ಕೂದಲು ತೆಗೆದು, ಅದರ ತೂಕದಷ್ಟು ಬೆಳ್ಳಿಯನ್ನು ಇಲ್ಲವೆ ಅದರ ಬೆಲೆಯನ್ನು ಬಡವರಿಗೆ ಕೊಡುವುದು ವಾಡಿಕೆ. ಕೂದಲಿನ ತೂಕ ಎಷ್ಟಿದ್ದೀತು? ಮಗುವಿನ ಹೆಸರಿನಲ್ಲಿ ಮೊದಲ ದಾನವಾಯಿತು ಎಂಬುದು ಮುಖ್ಯ. ರಮಜಾನಿನ ಕೊನೆಗೆ ಬರುವ ಫಿತ್ರ್ ಝಕಾತ್ ಇನ್ನೂ ಸ್ವಾರಸ್ಯವಾದುದು. ಬ್ಯಾರಿಗಳು ಅನುಸರಿಸುವ ಶಾಫಿಈ ಕರ್ಮಶಾಸ್ತ್ರದ ಪ್ರಕಾರ, ಇದನ್ನು ಊರಿನ ಮುಖ್ಯ ಆಹಾರಧಾನ್ಯದಲ್ಲೇ ಕೊಡಬೇಕು. ಹಾಗಾಗಿ ಕರಾವಳಿಯಲ್ಲಿ ಅಕ್ಕಿ, ತಲೆಗೆ ಸುಮಾರು ಎರಡೂವರೆಯಿಂದ ಮೂರು ಕಿಲೋ. ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಪಾಲು. ರಮಜಾನಿನ ಕೊನೆಯ ದಿನ ಸೂರ್ಯಾಸ್ತಕ್ಕೆ ಮೊದಲು ಹುಟ್ಟಿದ ಕೂಸಿಗೂ ಒಂದು ಪಾಲು ಅಳೆಯಬೇಕು. ಹಬ್ಬದ ನಮಾಜಿಗೆ ಮುಂಚೆ ಅದು ಬಡವರ ಮನೆ ಸೇರಿರಬೇಕು. ಹಬ್ಬದ ದಿನ ಯಾರ ಮನೆಯ ಒಲೆಯೂ ತಣ್ಣಗಿರಬಾರದು ಎಂಬುದು ಇದರ ತಾತ್ಪರ್ಯ. ಅಮ್ಮ ಅಕ್ಕಿ ಅಳೆದು ಕಟ್ಟುವಾಗ 'ಇದು ನಿನ್ನ ಪಾಲು' ಎಂದು ತೋರಿಸಿದರೆ, ಮಗುವಿಗೆ ಬೇರೆ ವಿವರಣೆ ಬೇಕಿಲ್ಲ.

ಮದ್ರಸವನ್ನೇ ಊರು ಸಾಕುತ್ತಿದ್ದ ಬಗೆಯೂ ಹೀಗೆಯೇ. ದಿನದ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ ವಿದ್ಯಾಸಂಸ್ಥೆಗೆ ಕೊಡುವ ಪದ್ಧತಿ ಮಲಬಾರಿನಲ್ಲಿ ಬಲವಾಗಿತ್ತು. ಉಸ್ತಾದರಿಗೆ ಮನೆಮನೆಗಳಿಂದ ಸರದಿಯ ಮೇಲೆ ಊಟ ಹೋಗುವುದು ನಮ್ಮ ಜಿಲ್ಲೆಯಲ್ಲೂ ರೂಢಿ. ಊಟದ ಪಾತ್ರೆ ಹಿಡಿದು ಮಸೀದಿಗೆ ಓಡುವವರು ಸಾಮಾನ್ಯವಾಗಿ ಮಕ್ಕಳೇ.

ಈ ನೆರವು ಮುಸ್ಲಿಮರಿಗೆ ಮಾತ್ರವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉಳ್ಳವರ ಉಳಿತಾಯದಿಂದ ನೂರಕ್ಕೆ ಎರಡೂವರೆಯಂತೆ ಕೊಡುವ ಕಡ್ಡಾಯ ಝಕಾತಿಗೆ ಎಂಟು ಬಗೆಯ ಹಕ್ಕುದಾರರನ್ನು ಕುರ್‌ಆನ್ ಹೆಸರಿಸಿದೆ. ಕರ್ಮಶಾಸ್ತ್ರಜ್ಞರು ಅದನ್ನು ಬಹುತೇಕ ಸಮುದಾಯದ ಒಳಗೇ ಹಂಚಲು ಹೇಳಿದ್ದಾರೆ. ಇಷ್ಟಪಟ್ಟು ಕೊಡುವ ಸದಖಕ್ಕೆ ಆ ಕಟ್ಟಿಲ್ಲ. ನೆರೆಯವರ ಹಕ್ಕಿಗಂತೂ ಧರ್ಮದ ಗಡಿಯೇ ಇಲ್ಲ. ಪ್ರವಾದಿಯವರ ಅನುಯಾಯಿ ಅಬ್ದುಲ್ಲಾ ಇಬ್ನ್ ಅಮ್ರ್ ತಮ್ಮ ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವನಿಗೆ ಪಾಲು ಹೋಯಿತೇ ಎಂದು ಮತ್ತೆ ಮತ್ತೆ ವಿಚಾರಿಸಿದರಂತೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ದಾನವೆಂದು ಮಕ್ಕಳಿಗೆ ಕಲಿಸುತ್ತಾರೆ. ಆ ದಾರಿಯಲ್ಲಿ ಯಾರು ಬರುತ್ತಾರೆಂದು ನೋಡಿ ಮುಳ್ಳು ತೆಗೆಯಲಾಗುತ್ತದೆಯೇ?

2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಪರಿಸರದಲ್ಲಿ ಗುಡ್ಡಗಳು ಜರಿದವು, ಮೃತ್ಯುಂಜಯ ನದಿ ಉಕ್ಕಿತು. ತೋಟಗಳಲ್ಲಿ ಮರಳು, ಮರದ ದಿಮ್ಮಿಗಳು ತುಂಬಿದವು. ಘಾಟಿಯ ರಸ್ತೆ ಮುಚ್ಚಿತು. ಆಗ ಎಲ್ಲ ಸಮುದಾಯಗಳ ಸ್ವಯಂಸೇವಕರೂ ಕೆಸರಿಗಿಳಿದರು. ಬೇಕಾಗಿದ್ದುದು ಹಾರೆ, ಬುಟ್ಟಿ, ಕುಡಿಯುವ ನೀರು, ಅನ್ನ.

ಇದೇ ಜಿಲ್ಲೆಯ ಹರೇಕಳ ಹಾಜಬ್ಬರ ಹೆಸರನ್ನು ನೀವು ಕೇಳಿರುತ್ತೀರಿ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದೇಶೀಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡಲಾಗದ ಸಂಕಟ ತನ್ನೂರಿನ ಮಕ್ಕಳಿಗೆ ಬರಬಾರದೆಂದು ಪಣತೊಟ್ಟರು. ದುಡಿಮೆಯ ಹಣ ಕೂಡಿಟ್ಟು, ಕಚೇರಿಗಳಿಗೆ ಅಲೆದು, ಹರೇಕಳದ ನ್ಯೂಪಡ್ಪುವಿನಲ್ಲಿ ಸರಕಾರಿ ಶಾಲೆ ತರಿಸಿದರು. ಅದು ಪ್ರೌಢಶಾಲೆಯವರೆಗೆ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಅದನ್ನು ಬರಿಗಾಲಲ್ಲಿ ಹೋಗಿ ಸ್ವೀಕರಿಸಿದರು. ಆ ಮೇಲೆ ಅವರು ಸರಕಾರವನ್ನು ಕೇಳಿದ್ದು ಊರಿಗೊಂದು ಪದವಿಪೂರ್ವ ಕಾಲೇಜನ್ನು.