ಮಗುವಿನ ಬೆನ್ನಲ್ಲಿ ‘ಬಾಲ’ ಬಂದರೆ ಅದು ಹನುಮಂತನ ಅವತಾರವೇ?

ಸೊಂಟದ ಹಿಂದೆ ಬಾಲದಂತೆ ಕೂದಲು ಬೆಳೆದ ಮಗುವಿನ ಫೋಟೊ, ಕೆಳಗೆ ‘ಸಾಕ್ಷಾತ್ ಹನುಮಂತನೇ ಹುಟ್ಟಿದ್ದಾನೆ, ಹತ್ತು ಜನರಿಗೆ ಕಳಿಸಿ’ ಎಂಬ ಸಾಲು. ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ? ನೋಡೋಣ.

ಏನಿದು ‘ಬಾಲ’?

ಇಂಥ ಬಾಲದಲ್ಲಿ ಸಾಮಾನ್ಯವಾಗಿ ಮೂಳೆ ಇರುವುದಿಲ್ಲ. ಚರ್ಮ, ಕೊಬ್ಬು ಸೇರಿ ಆದ ಬೆಳವಣಿಗೆ ಅದು. ಕೆಲವರಲ್ಲಿ ಬರೀ ಕೂದಲ ಗೊಂಚಲು. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಭ್ರೂಣದ ಬೆನ್ನಿನ ಒಂದು ಪದರ ಮಡಚಿಕೊಂಡು ನಾಳವಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಇದೇ. ಚರ್ಮವೂ ನರಮಂಡಲವೂ ಮೂಲದಲ್ಲಿ ಒಂದೇ ಪದರದಿಂದ ಬಂದವು. ಹಾಗಾಗಿ ಒಳಗಿನ ದೋಷದ ಗುರುತು ಹೊರಗೆ ಚರ್ಮದ ಮೇಲೆ ಕಾಣಬಹುದು.

ಅಪಾಯ ಎಲ್ಲಿದೆ?

ಬೆನ್ನುಹುರಿಯ ತುದಿ ಸಡಿಲವಾಗಿರಬೇಕು. ಕೆಲವು ಮಕ್ಕಳಲ್ಲಿ ಕೊಬ್ಬಿನ ಗಂಟು ಅಥವಾ ದಪ್ಪ ತಂತು ಅದನ್ನು ಕೆಳಗೆ ಕಟ್ಟಿಹಾಕಿರುತ್ತದೆ. ಇದಕ್ಕೆ ‘ಟೆದರ್ಡ್ ಕಾರ್ಡ್’ ಎನ್ನುತ್ತಾರೆ. ಅಪರೂಪಕ್ಕೆ ಮೂಳೆಯ ಚೂರೊಂದು ನಡುವೆ ಬೆಳೆದು ಹುರಿ ಎರಡಾಗಿ ಸೀಳಿರುತ್ತದೆ. ಮಗು ಬೆಳೆದಂತೆ ಬೆನ್ನುಮೂಳೆ ಉದ್ದವಾಗುತ್ತದೆ, ಸಿಕ್ಕಿಹಾಕಿಕೊಂಡ ಹುರಿ ಜಗ್ಗುತ್ತದೆ, ರಕ್ತಸಂಚಾರ ಕುಗ್ಗಿ ನರಗಳು ಸೊರಗುತ್ತವೆ. ಹುಟ್ಟುವಾಗ ಚೆನ್ನಾಗಿದ್ದ ಮಗುವಿಗೆ ವರ್ಷಗಳ ನಂತರ ತೊಂದರೆ ಶುರುವಾಗುವುದು ಹೀಗೆ.

ಇವು ಕಂಡರೆ ವೈದ್ಯರಿಗೆ ತೋರಿಸಿ

• ಬೆನ್ನಿನ ಕೆಳಭಾಗದ ನಡುಗೆರೆಯಲ್ಲಿ ಕೂದಲ ಗೊಂಚಲು, ಮೆತ್ತನೆಯ ಗಂಟು, ಕೆಂಪು ಮಚ್ಚೆ ಅಥವಾ ಬಾಲ
• ಪೃಷ್ಠದ ಸೀಳಿಗಿಂತ ಮೇಲಿರುವ ಆಳವಾದ ಕುಳಿ
• ಒಂದು ಪಾದ ಚಿಕ್ಕದಾಗುವುದು, ಕಾಲಿನ ಬಲ ಕುಂದುವುದು, ನಡಿಗೆ ಬದಲಾಗುವುದು
• ಮೂತ್ರದ ಹಿಡಿತ ಬಂದಿದ್ದ ಮಗು ಮತ್ತೆ ಬಟ್ಟೆ ಒದ್ದೆ ಮಾಡಿಕೊಳ್ಳುವುದು, ಹೊಸದಾಗಿ ಮಲಬದ್ಧತೆ
• ಬೆನ್ನು ವಾಲುವುದು

ಹಾಗೆಂದು ಗಾಬರಿ ಬೇಡ. ಗುದದ್ವಾರಕ್ಕೆ ಹತ್ತಿರದಲ್ಲಿ, ತಳ ಕಾಣುವಂತಿರುವ ಪುಟ್ಟ ಕುಳಿ ಬಹಳಷ್ಟು ಶಿಶುಗಳಲ್ಲಿರುತ್ತದೆ. ಬೇರೆ ಗುರುತು ಇಲ್ಲದಿದ್ದರೆ ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ.

ಚಿಕಿತ್ಸೆ ಇದೆಯೇ?

ಇದೆ. ಮೊದಲ ಕೆಲವು ತಿಂಗಳು ಅಲ್ಟ್ರಾಸೌಂಡ್‌ನಲ್ಲೇ ಬೆನ್ನುಹುರಿ ನೋಡಬಹುದು. ಆಮೇಲೆ ಎಂಆರ್‌ಐ ಬೇಕು. ಅಗತ್ಯವಿದ್ದರೆ ನರಶಸ್ತ್ರವೈದ್ಯರು ಹುರಿಯನ್ನು ಬಿಡಿಸುತ್ತಾರೆ. ಒಮ್ಮೆ ಹಾಳಾದ ನರ ಪೂರ್ತಿ ಸರಿಹೋಗುತ್ತದೆಂಬ ಖಾತ್ರಿ ಇಲ್ಲ, ಆದ್ದರಿಂದ ತಡ ಮಾಡಬಾರದು. ಬಾಲಕ್ಕೆ ದಾರ ಕಟ್ಟಿ ಉದುರಿಸುವ ಅಥವಾ ಮನೆಯಲ್ಲೇ ಕತ್ತರಿಸುವ ಸಾಹಸ ಮಾತ್ರ ಬೇಡವೇ ಬೇಡ. ಅದು ಒಳಗಿನ ಹುರಿಗೆ ಅಂಟಿಕೊಂಡಿರಬಹುದು.

ಗ್ರಹಣ ನೋಡಿದ್ದಕ್ಕೆ ಹೀಗಾಯಿತೇ?

ಇಲ್ಲ. ತಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಗರ್ಭಧಾರಣೆಗೆ ಮೊದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಶುರುಮಾಡಿದರೆ, ಬೆನ್ನುಮೂಳೆ ತೆರೆದೇ ಉಳಿಯುವ ಸ್ಪೈನಾ ಬೈಫಿಡಾದಂಥ ಗಂಭೀರ ದೋಷಗಳ ಸಾಧ್ಯತೆ ತಗ್ಗುತ್ತದೆ. ಹಿಂದೆ ಇಂಥ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ವೈದ್ಯರನ್ನು ಕೇಳಿ.

ನಮ್ಮ ತೀರ್ಮಾನ

ಬಾಲ ಅವತಾರವೂ ಅಲ್ಲ, ಶಾಪವೂ ಅಲ್ಲ. ‘ಒಳಗೊಮ್ಮೆ ನೋಡಿ’ ಎನ್ನುವ ಸೂಚನೆ. ಪೂಜೆ ಮಾಡುತ್ತಾ ಕಳೆದ ವರ್ಷಗಳು ಆ ಮಗುವಿನ ನಡಿಗೆಯನ್ನೇ ಕಸಿಯಬಹುದು. ಮಗುವಿನ ಫೋಟೊ ಫಾರ್ವರ್ಡ್ ಮಾಡಬೇಡಿ, ಮೇಲಿನ ಗುರುತುಗಳ ಪಟ್ಟಿಯನ್ನು ಮಾಡಿ.