ಗೋಡೆಯ ಮೇಲಣ ಬಣ್ಣ

ಕಾನಹೊಸಹಳ್ಳಿಯಲ್ಲಿ ನನ್ನ ಶಾಲಾಪುಸ್ತಕಗಳಿಗೆ ಹೊದಿಕೆಯಾಗುತ್ತಿದ್ದುದು ಟೂರಿಂಗ್ ಟಾಕೀಸು ಬಿಟ್ಟುಹೋದ ಪೋಸ್ಟರು. ವ್ಯಾಕರಣದ ಬೆನ್ನಿಗೆ ನಾಯಕಿಯ ಅರ್ಧ ಮುಖ!

ಆ ಮುಖಕ್ಕೂ ಒಂದು ಇತಿಹಾಸವುಂಟು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದರು. ಲೇಖಕಿ 1963ರಲ್ಲೇ ತೀರಿಹೋಗಿದ್ದರು. ಆ ‘ಬೆಳ್ಳಿಮೋಡ’ ಕಪ್ಪು-ಬಿಳುಪಿನ ಚಿತ್ರ. ಅಂದಿನ ಇಂಥ ಪ್ರಣಯಕಥೆಗಳಿಗೆ ಬಣ್ಣ ದೊರೆಯುತ್ತಿದ್ದುದು ಗೋಡೆಯ ಮೇಲೆ ಮಾತ್ರ. ಕಲಾವಿದನ ಕೈಗೆ ಬರುತ್ತಿದ್ದುದು ಬಣ್ಣವಿಲ್ಲದ ಛಾಯಾಚಿತ್ರ. ಕೆನ್ನೆಯ ಕೆಂಪು, ಸೀರೆಯ ಹಸುರು, ವಿರಹದ ನೀಲಿ ಎಲ್ಲವೂ ಅವನ ಊಹೆಯೇ. ಅಕ್ಷರ ಬಾರದವರಿಗೂ ಕಥೆಯ ತಿರುಳು ಒಂದೇ ನೋಟಕ್ಕೆ ಮುಟ್ಟಬೇಕು. ನಾವು ತರಗತಿಯಲ್ಲಿ ಗಂಟೆಗಟ್ಟಲೆ ವಿವರಿಸುವ ಸ್ಥಾಯೀಭಾವವನ್ನು ಅವನು ಎರಡು ಕಣ್ಣುಗಳಲ್ಲಿ ಹೇಳಿಬಿಡುತ್ತಿದ್ದನು. ಮೇಷ್ಟರಾದ ನನಗೆ ಇದು ಕೊಂಚ ನಾಚಿಕೆಯ ಮಾತೇ.

ಮುಂಬಯಿಯಲ್ಲಿ ಸಿನಿಮಾ ಫಲಕಗಳನ್ನು ಬರೆದ ಎಂ. ಎಫ್. ಹುಸೇನರನ್ನು ಜಗತ್ತು ಬಲ್ಲದು. ನನ್ನ ವ್ಯಾಕರಣವನ್ನು ಹೊದಿಸಿದವನಾರೋ! ಮೈದಾ ಅಂಟು ಒಣಗುವ ಮೊದಲೇ ಅವನ ಚಿತ್ರದ ಮೇಲೆ ಇನ್ನೊಂದು ಚಿತ್ರ ಕೂರುತ್ತಿತ್ತು. ಆಮೇಲೆ ಫ್ಲೆಕ್ಸು ಬಂತು. ಕುಂಚದ ಕೆಲಸವೇ ನಿಂತಿತು. ಉಳಿಸಿಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ.

ನನಗಾದರೂ ತೋಚಿತೆ? ಪರೀಕ್ಷೆ ಮುಗಿದೊಡನೆ ಆ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರಿದೆ, ಹೊದಿಕೆಯ ಸಮೇತ.